ಸುಳಿವು ಬೇಡ ಎಂದ ಮೇಲೆ

ಕ್ವಿತುರಾ ಬೆಟ್ಟದ ಮೇಲೆ ಹಿಮ ಕೂರತೊಡಗಿದ ವಾರ ಸುನ್ನಿವಾ ಯಂತ್ರದ ಬಾಯಿ ಮುಚ್ಚಿಸಿದಳು.

ಅದಕ್ಕೆ ಹೆಚ್ಚೇನೂ ಬೇಕಾಗಿರಲಿಲ್ಲ. ಅವಳ ಆಫೀಸಿನಲ್ಲಿ ಪ್ರೋಗ್ರಾಮಿಗೆ ಮಾಡಿದ ಒಂದೊಂದು ಬದಲಾವಣೆಯನ್ನೂ ಕಾರಣದ ಸಮೇತ ಕಾದಿಡಲು ಗಿಟ್ ಎಂಬ ಸಲಕರಣೆ ಇತ್ತು. ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಿದರೆ ಅದು ಹೇಳಿದ್ದನ್ನು ಮಾಡುತ್ತದೆ. ಆದರೆ ಮಾಡಿ ಸುಮ್ಮನಿರುವ ಜಾತಿಯದಲ್ಲ. ಹೊಸ ಸೊಸೆಗೆ ಅಡುಗೆಮನೆ ತೋರಿಸುವ ಹಿರಿಯಳ ಹಾಗೆ, 'ಸುಳಿವು' ಎಂದು ಶುರುಮಾಡಿ ನಾಲ್ಕಾರು ಸಾಲು ಬುದ್ಧಿ ಹೇಳುತ್ತದೆ. ಹೀಗೆ ಮಾಡಿದ್ದರೆ ಒಳ್ಳೆಯದಿತ್ತು, ಈಗಲೂ ಹಾಗೆ ಮಾಡಬಹುದು, ನನ್ನ ಮಾತು ಬೇಡವಾದರೆ ಇಂಥ ಸಾಲು ಬರೆದು ನಿಲ್ಲಿಸಿಕೋ.

ಗಿಟ್‌ನಲ್ಲಿ ಕೆಲಸ ಕೊಂಬೆಯ ಹಾಗೆ ಬೆಳೆಯುತ್ತ ಹೋಗುತ್ತದೆ. ಹಳೆಯದನ್ನು ನೋಡಬೇಕೆಂದರೆ ಕೊಂಬೆ ಬಿಟ್ಟಿಳಿದು ಹಿಂದಕ್ಕೆ ಹೋಗಬೇಕು. ಅಲ್ಲಿ ಕುಳಿತು ಬರೆದದ್ದು ಯಾವ ಕೊಂಬೆಗೂ ಸೇರುವುದಿಲ್ಲ. ಆ ಬೆಳಿಗ್ಗೆ ಸುನ್ನಿವಾ ಹಾಗೆ ಹಿಂದಕ್ಕೆ ಹೋಗಿ, ಪರೀಕ್ಷೆಗೆಂದು ಒಂದು ಸಾಲು ಬರೆದು, ವಾಪಸು ಬಂದಳು. ಪರದೆ ಹೇಳಿತು: ನೀನು ಒಂದನ್ನು ಹಿಂದೆ ಬಿಟ್ಟು ಹೋಗುತ್ತಿದ್ದೀಯ. ಅದು ಯಾವ ಕೊಂಬೆಗೂ ಸೇರಿಲ್ಲ. ಉಳಿಸಿಕೊಳ್ಳಬೇಕಿದ್ದರೆ, ಹೆಸರು ಕೊಡಲು ಇದು ಒಳ್ಳೆಯ ಸಮಯ.

ಅವಳು ಅದನ್ನು ಓದಿದಳು. ಎದ್ದು ಕಿಟಕಿಯವರೆಗೆ ಹೋಗಿ ಬಂದಳು. ಅದು ಹಾಗೇ ಇತ್ತು.

ಅವಳ ಗಂಡ ಸಿಂದ್ರೆ ಕಡಲಿಗೆ ಹೋಗಿ ಅದು ಎರಡನೆಯ ಚಳಿಗಾಲ. ದೋಣಿ ಸಿಕ್ಕಿತ್ತು. ಅವನು ಸಿಕ್ಕಿರಲಿಲ್ಲ.

ಅಂದಿನಿಂದ ಊರಿಗೆ ಊರೇ ಅವಳಿಗೆ ಸುಳಿವು ಕೊಡುತ್ತಿತ್ತು. ಮೀನೆಣ್ಣೆ ತಪ್ಪಿಸಬೇಡ ಎಂದರು. ನಾಯಿ ಸಾಕು ಎಂದರು. ಗುರುವಾರದ ಹೆಣಿಗೆಯ ಗುಂಪಿಗೆ ಬಾ, ಯಾರೂ ಏನೂ ಕೇಳುವುದಿಲ್ಲ ಎಂದರು. ಹೋದಾಗ ಎಲ್ಲರೂ ಕೇಳಿದರು. ಅವರ ಮಾತು ನಿಲ್ಲಿಸಲು ಆಜ್ಞೆ ಇರಲಿಲ್ಲ. ಇದಕ್ಕೆ ಇತ್ತು. ಅವಳು ಬರೆದಳು: ಸುಳಿವು ಬೇಡ.

ಉದ್ದನೆಯ ಬುದ್ಧಿವಾದ ಹೋಯಿತು. ಆದರೆ 'ಹಿಂದೆ ಬಿಟ್ಟು ಹೋಗುತ್ತಿದ್ದೀಯ' ಎಂಬ ಮೊದಲ ಸಾಲು ಉಳಿದೇ ಉಳಿಯಿತು. ಅದು ಸುಳಿವಲ್ಲ, ಎಚ್ಚರಿಕೆ. ಹಳೆಯದಕ್ಕೂ ಹೊಸದಕ್ಕೂ ಓಡಾಡಲು ಆಫೀಸಿನವರು ತಮ್ಮದೇ ಒಂದು ಪುಟ್ಟ ಆಜ್ಞೆ ಮಾಡಿಕೊಂಡಿದ್ದರು. ಅವಳು ಅದನ್ನು ತೆರೆದು, 'ಸದ್ದಿಲ್ಲದೆ' ಎಂಬ ಗುರುತು ಸೇರಿಸಿದಳು. ಇನ್ನೊಮ್ಮೆ ಹೋಗಿ ಬಂದು ನೋಡಿದಳು. ಈ ಸಲ ಪರದೆ ಏನೂ ಹೇಳಲಿಲ್ಲ. ಎದೆಯ ಮೇಲಿಂದ ಯಾರೋ ಕೈ ತೆಗೆದ ಹಾಗಾಯಿತು.

ಅದನ್ನು ಅವಳು ಮಾಡಿದ್ದು ಆಫೀಸಿನ ಬೀರುವಿನಲ್ಲಿದ್ದ ಕಂಪ್ಯೂಟರಿನಲ್ಲಿ. ಬೆಟ್ಟದ ಕೆಳಗಿನ ರಸ್ತೆಯನ್ನು ಕಾಯುವ ರೇಡಾರಿಗೆ ಪ್ರೋಗ್ರಾಂ ಹೋಗುತ್ತಿದ್ದದ್ದು ಅದೊಂದರಿಂದಲೇ. ಎಲ್ಲರೂ ತಮ್ಮ ತಮ್ಮ ಕುರ್ಚಿಯಲ್ಲಿ ಕುಳಿತೇ ಅದರೊಳಕ್ಕೆ ಹೋಗುತ್ತಿದ್ದರು, ಅದೂ ಒಂದೇ ಹೆಸರಿನಲ್ಲಿ. ಇರುವವರೇ ಬೆರಳೆಣಿಕೆಯ ಜನ, ತಲೆಗೊಂದು ಹೆಸರೇಕೆ ಎಂದು ಆಫೀಸು ಶುರುಮಾಡಿದಾತ ಹಾಗೆ ಮಾಡಿಟ್ಟು, ಈಗ ದಕ್ಷಿಣದ ನಗರದಲ್ಲಿ ಹಾಯಾಗಿದ್ದ. ಆ ಏರ್ಪಾಟು ಮುರಿದ ಕಿಟಕಿಯ ಚಿಲಕದ ಹಾಗೆ ಎಲ್ಲರ ಕಣ್ಣಿಗೂ ರೂಢಿಯಾಗಿತ್ತು. ಹೀಗಾಗಿ ಸುನ್ನಿವಾ ತನ್ನ ಮಟ್ಟಿಗೆ ಮುಚ್ಚಿಸಿದ ಬಾಯಿ ಎಲ್ಲರಿಗೂ ಮುಚ್ಚಿತು. ಅವಳಿಗೆ ಅದು ಹೊಳೆಯಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಆಫೀಸೆಂದರೆ ಬಂದರಿನ ಹಳೆಯ ಉಪ್ಪುಮೀನಿನ ಗೋದಾಮಿನ ಮಾಳಿಗೆ. ಗಾಳಿ ಬೆಚ್ಚಗಾದಾಗ ಅದರ ಹಲಗೆಗಳು ಈಗಲೂ ಮೀನಿನ ವಾಸನೆ ಬಿಡುತ್ತಿದ್ದವು. ಕ್ವಿತುರಾದ ಬುಡದಲ್ಲಿ ಹೋಗುವ ರಸ್ತೆಯನ್ನು ಕಾಯುವುದು ಅವರ ಕೆಲಸ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಡಲಿನ ಕಪ್ಪು ನೀರು, ನಡುವೆ ದಾರದಷ್ಟು ರಸ್ತೆ. ಎದುರು ದಡದಲ್ಲಿ ನಿಂತ ರೇಡಾರು ಕಣ್ಣು ಮಿಟುಕಿಸದೆ ಬೆಟ್ಟವನ್ನೇ ನೋಡುತ್ತಿರುತ್ತದೆ. ಹಿಮ ಜಾರತೊಡಗಿದ್ದನ್ನು ಕಂಡರೆ ರಸ್ತೆಯ ಎರಡೂ ತುದಿಯಲ್ಲಿ ಕೆಂಪು ದೀಪ ಹತ್ತಿ, ಒಳಕ್ಕೆ ಹೋಗುವವರ ಮುಂದೆ ಗೇಟು ಬೀಳುತ್ತದೆ. ಒಳಗಿದ್ದವರು ನಿಲ್ಲದೆ ಹೊರಗೆ ಬರಬೇಕು.

ಸಿಂದ್ರೆಯ ತಾಯಿ ಓಸ್ತಾ ಆ ರಸ್ತೆಯಲ್ಲಿ ದಿನವೂ ಓಡಾಡುವವರು. ಮನೆಮನೆಗೆ ಹೋಗಿ ಮುದುಕರ ಹುಣ್ಣು ತೊಳೆದು, ಮಾತ್ರೆ ನುಂಗಿಸಿ ಬರುವ ನರ್ಸು. ಕ್ವಿತುರಾ ದಾಟುವವರಲ್ಲಿ ಅಜ್ಜಂದಿರ ಕಾಲದಿಂದ ಒಂದು ರೂಢಿ: ಬೆಟ್ಟದ ಕೆಳಗೆ ಹೋಗುವ ಮುಂಚೆ ಮನೆಗೆ ತಿಳಿಸಬೇಕು, ದಾಟಿದ ಮೇಲೂ ತಿಳಿಸಬೇಕು. ಮೊದಲು ಲಾಂದ್ರ ಎತ್ತಿ ತೋರಿಸುತ್ತಿದ್ದರಂತೆ. ಈಗ ಈಚೆಯ ಬಸ್ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿ 'ಹೊರಟೆ' ಎಂದೊಂದು ಮೆಸೇಜು. ಆಚೆ, ಹಿಂದೆ ಡೇರಿಗೆ ಹಾಲಿನ ಕ್ಯಾನು ಇಡುತ್ತಿದ್ದ ಕಟ್ಟೆಯ ಬಳಿ ನಿಂತು 'ದಾಟಿದೆ' ಎಂದು ಇನ್ನೊಂದು. ಮಗ ಹೋದ ಮೇಲೆ ಓಸ್ತಾಗೆ ತಿಳಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಸೊಸೆಗೆ ತಿಳಿಸುತ್ತಿದ್ದರು. ಜೊತೆಗೊಂದಿಷ್ಟು ಬುದ್ಧಿಮಾತು. ಹೊರಟೆ, ಟೊಪ್ಪಿ ಹಾಕ್ಕೋ. ದಾಟಿದೆ, ಬಾಗಿಲ ಮುಂದೆ ಜಾರತ್ತೆ, ಮರಳು ಹಾಕು.

ಸುನ್ನಿವಾ ಫೋನಿನ ಸದ್ದು ತೆಗೆದಿದ್ದಳು. ಸಂಜೆ ಒಟ್ಟಿಗೇ ನೋಡುತ್ತಿದ್ದಳು.

"ನನ್ನ ಮೆಸೇಜು ಬಂದ ತಕ್ಷಣ ನೋಡ್ತೀಯೋ ಇಲ್ವೋ?" ಒಂದು ಭಾನುವಾರ ಮೀನಿನ ಸಾರು ಬಡಿಸುತ್ತ ಓಸ್ತಾ ಕೇಳಿದರು.

"ನೋಡ್ತೀನಲ್ಲ."

"ಸುಳ್ಳಿ. ಅವನೂ ಹೀಗೇ. ನೋಡದೇನೇ ನೋಡಿದೆ ಅಂತಿದ್ದ."

"ಉತ್ತರ ಕೊಡ್ತೀನಲ್ಲ, ಓಸ್ತಾ."

"ಕೊಡ್ತೀಯ. ನಾನು ಮನೆಗೆ ಬಂದು, ಉಂಡು, ಪಾತ್ರೆ ತೊಳೆದ ಮೇಲೆ ಕೊಡ್ತೀಯ. ಇನ್ನೊಂದು ಆಲೂಗೆಡ್ಡೆ ಹಾಕ್ಲಾ? ನೀನು ಬೇಡ ಅನ್ನೋಕೆ ಮುಂಚೆ ಹಾಕ್ಬಿಡ್ತೀನಿ ತಡಿ."

ಹಾಕಿಬಿಟ್ಟರು.

ಜನವರಿಯ ಒದ್ದೆ ದಿನವೊಂದರಲ್ಲಿ ತೋರ್ಕೆಲ್ ಫೋನ್ ಮಾಡಿದ. ಕ್ವಿತುರಾದ ಆಚೆ ತುದಿಯಲ್ಲಿ ಹಿಮ ತೆಗೆಯುವ ಗಾಡಿ ಓಡಿಸುವವನು. ಗೇಟಿನ ಕೀಲಿ ಇದ್ದದ್ದೂ ಅವನ ಹತ್ತಿರವೇ.

"ನಿಮ್ಮ ರೇಡಾರಿಗೊಂದು ಕನ್ನಡಕ ಮಾಡಿಸ್ರಪ್ಪ," ಎಂದ. "ಚರಂಡಿವರೆಗೂ ಬಂದು ಬಿದ್ದಿದೆ ಹಿಮ. ದೀಪ ಇಲ್ಲ, ಗೇಟಿಲ್ಲ. ನಮ್ಮಜ್ಜಿಗೆ ಒಂದು ಕಣ್ಣು ಹೋಗಿತ್ತು, ಅವಳಿಗೂ ಅಷ್ಟು ದೊಡ್ಡದು ಕಾಣ್ತಿತ್ತು."

"ನಿಮ್ಮಜ್ಜಿನೇ ಕಳ್ಸು, ಸಂಬಳ ಕಡಿಮೆ ಕೊಡಬಹುದು," ಎಂದ ಆಫೀಸಿನಲ್ಲಿ ಫೋನೆತ್ತಿದ್ದ ಎಸ್ಕಿಲ್. ಆದರೆ ಫೋನಿಟ್ಟ ಮೇಲೆ ಅವನ ಮುಖ ಸಣ್ಣದಾಯಿತು.

ಎಸ್ಕಿಲ್ ಸಮುದ್ರದ ಎಣ್ಣೆ ಬಾವಿಗಳಲ್ಲಿ ವರ್ಷಗಟ್ಟಲೆ ದುಡಿದು, ನೆಲದ ಮೇಲೆ ಮಲಗುವ ಆಸೆಯಿಂದ ಆ ಚಳಿಗಾಲದಲ್ಲಷ್ಟೇ ಇಲ್ಲಿಗೆ ಸೇರಿದ್ದ. ಐವತ್ತರ ಮನುಷ್ಯ, ಮಾತು ಜಾಸ್ತಿ, ಕೆಲಸ ಅಚ್ಚುಕಟ್ಟು. ತಪ್ಪಿನ ಬೇರು ಹಿಡಿಯಲು ಅವನಿಗೆ ಎರಡು ದಿನ ಸಾಕಾಯಿತು. ರೇಡಾರಿನ ಕಣ್ಣಿಗೆ ಮಳೆಯ ಗದ್ದಲ ಕಾಣದಿರಲಿ ಎಂದು ಅಕ್ಟೋಬರಿನಲ್ಲಿ ಒಂದು ಜರಡಿ ಸೇರಿಸಿದ್ದರು. ಆ ಜರಡಿ, ನಿಧಾನವಾಗಿ ಜಾರುವ ಒದ್ದೆ ಹಿಮವನ್ನೂ ಮಳೆಯೆಂದೇ ಎಣಿಸಿ ಬಿಸಾಡುತ್ತಿತ್ತು. ಎಸ್ಕಿಲ್ ಅಕ್ಟೋಬರಿನ ಪ್ರೋಗ್ರಾಮಿಗೆ ಹಿಂದಿರುಗಿ, ಅಲ್ಲೇ ಕುಳಿತು, ಜರಡಿಯ ಕಣ್ಣನ್ನು ತಿದ್ದಿದ. ಹಳೆಯ ಹಿಮಕುಸಿತಗಳ ದಾಖಲೆಯನ್ನೆಲ್ಲ ಅದಕ್ಕೆ ತೋರಿಸಿದ. ಎಲ್ಲವನ್ನೂ ಹಿಡಿಯಿತು. ತಿದ್ದಿದ್ದನ್ನು ಗಿಟ್‌ಗೆ ಒಪ್ಪಿಸಿ, ಕಾರಣದ ಜಾಗದಲ್ಲಿ 'ಅಜ್ಜಿಗೆ ಕನ್ನಡಕ' ಎಂದು ಬರೆದ. ಮೇಲಕ್ಕೆ ಬಂದು, ಕೊಂಬೆಯ ತುದಿಯಲ್ಲಿದ್ದದ್ದನ್ನು ರಸ್ತೆಗೆ ಕಳಿಸಿದ.

ಪರದೆ ಏನೂ ಹೇಳಲಿಲ್ಲ.

ಮರುದಿನವೇ ಚಳಿ ಬಿಗಿಯಿತು. ಒಣಹಿಮವನ್ನು ರೇಡಾರು ಮೊದಲಿನಿಂದಲೂ ಸರಿಯಾಗಿಯೇ ನೋಡುತ್ತಿತ್ತು. ಆ ವಾರ ಬೆಟ್ಟದಿಂದ ಒಣಪುಡಿ ಜಾರಿದಾಗ ದೀಪ ಹತ್ತಿತು, ಗೇಟು ಬಿತ್ತು. ತೋರ್ಕೆಲ್ ದೋಸೆಕಲ್ಲಿನಷ್ಟಗಲದ ವಾಫಲ್‌ಗಳನ್ನೂ ಕಂದು ಚೀಸನ್ನೂ ಕಟ್ಟಿಕೊಂಡು ಬಂದು ಆಫೀಸಿನ ಮೇಜಿನ ಮೇಲಿಟ್ಟ.

"ಇನ್ಮೇಲೆ ಮಳೆ ಬಂದಾಗೆಲ್ಲ ನಾನು ಕೀಲಿ ಹಿಡ್ಕೊಂಡು ಓಡೋದು ಬೇಡ ತಾನೆ?"

"ಬೇಡ. ಮಲಕ್ಕೋ," ಎಂದ ಎಸ್ಕಿಲ್. "ಅಜ್ಜಿ ಎದ್ದಿರ್ತಾಳೆ."

ಒದ್ದೆ ದಿನಗಳಲ್ಲಿ ಸುತ್ತು ಹಾಕಿ ದೋಣಿದಾರಿಯಲ್ಲಿ ಹೋಗುತ್ತಿದ್ದ ಓಸ್ತಾಗೂ ಸುನ್ನಿವಾ ತಾನೇ ಹೇಳಿದಳು. "ಇನ್ನು ದೀಪ ಹತ್ತಿಲ್ಲ ಅಂದ್ರೆ ಧೈರ್ಯವಾಗಿ ಹೋಗಿ."

"ನೀನು ಹೇಳಿದ ಮೇಲೆ ಆಯ್ತು," ಎಂದಿದ್ದರು ಓಸ್ತಾ.

ಫೆಬ್ರವರಿಯ ಕೊನೆಗೆ ಗಾಳಿ ತಿರುಗಿತು. ನೈಋತ್ಯದ ಬೆಚ್ಚನೆ ಗಾಳಿ, ಹಿಂದೆಯೇ ಮಳೆ. ತಿಂಗಳುಗಟ್ಟಲೆ ಕೂತ ಹಿಮದ ಮೇಲೆ ನೀರು ಸುರಿಯಿತು. ಸೂರುಗಳಿಂದ ಹಿಮ ದೊಪ್ಪನೆ ಬಿತ್ತು. ಹಲಗೆಗಳು ಮೀನಿನ ವಾಸನೆ ಬಿಟ್ಟವು. ಊಟದ ಹೊತ್ತಿಗೆ ತೋರ್ಕೆಲ್ ಫೋನಿನಲ್ಲಿ ಕೇಳಿದ್ದ, ರಸ್ತೆ ಮುಚ್ಚಲಾ ಎಂದು. ಎಸ್ಕಿಲ್ ಪರದೆ ನೋಡಿ, ಬೆಟ್ಟ ಮಗುವಿನ ಹಾಗೆ ಮಲಗಿದೆ, ಬೇಡ ಎಂದ. ಪರದೆಯ ಮೇಲೆ ಕ್ವಿತುರಾ ಹಸಿರಾಗಿತ್ತು. ಒಂದು ಚುಕ್ಕೆಯೂ ಮಿಸುಕುತ್ತಿರಲಿಲ್ಲ.

ಸುನ್ನಿವಾ ಅದನ್ನೇ ನೋಡುತ್ತ ಕುಳಿತಳು. ಇಷ್ಟು ಮಳೆಯಲ್ಲಿ ಇಷ್ಟು ನಿಶ್ಶಬ್ದವಾಗಿರುವ ಬೆಟ್ಟವನ್ನು ಅವಳು ನೋಡಿರಲಿಲ್ಲ. ಬೆಟ್ಟ ಸಣ್ಣಪುಟ್ಟದಕ್ಕೆ ಯಾವಾಗಲೂ ಮಿಸುಕುತ್ತದೆ. ನಿಶ್ಶಬ್ದ ಅವಳಿಗೆ ಹೊಸತಲ್ಲ. ದೋಣಿ ಹೋದ ದಿನವೂ ರೇಡಿಯೋದಲ್ಲಿ ಹೀಗೇ ಏನೂ ಇರಲಿಲ್ಲ.

ಎಸ್ಕಿಲ್ ತಿದ್ದಿದ ಜರಡಿಯನ್ನು ಒಮ್ಮೆ ಓದೋಣವೆಂದು ಗಿಟ್ ತೆರೆದಳು. ಬದಲಾವಣೆಗಳ ಸಾಲು ಇಳಿದುಬಂತು. ತನ್ನದು. ಅದರ ಕೆಳಗೆ ದೀಪದ ಬಲ್ಬಿನದು. ಅದರ ಕೆಳಗೆ ಡಿಸೆಂಬರಿನದು. ಮತ್ತೆ ಮೇಲಿನಿಂದ ಓದಿದಳು.

"ಎಸ್ಕಿಲ್. ಅಜ್ಜಿಯ ಕನ್ನಡಕ ಎಲ್ಲಿದೆ?"

"ಅಲ್ಲೇ ಇದೆಯಲ್ಲ, ಜನವರಿದು."

"ಜನವರಿಲಿ ನಿಂದು ಏನೂ ಇಲ್ಲ."

"ಸರಿಯಾಗಿ ನೋಡೇ."

"ನೋಡ್ದೆ. ನೀನೇ ಬಾ."

ಅವನು ಕಾಫಿ ಲೋಟ ಹಿಡಿದೇ ಬಂದ. ಬಗ್ಗಿ ನೋಡಿದ. ಲೋಟವನ್ನು ಕೀಲಿಮಣೆಯ ಪಕ್ಕ, ಎಂದೂ ಇಡದ ಜಾಗದಲ್ಲಿ, ಇಟ್ಟ.

"ಕೊಂಬೆ ಮೇಲೆ ಇರ್ಲಿಲ್ಲ ನಾನು," ಎಂದ ಮೆಲ್ಲಗೆ. "ಅಕ್ಟೋಬರಿನಲ್ಲೇ ಕೂತು ಒಪ್ಪಿಸ್ಬಿಟ್ಟಿದೀನಿ. ಆದ್ರೆ ಅದು ಹೇಳತ್ತಲ್ಲ, ಸುನ್ನಿವಾ. ಹೋಗೋವಾಗ್ಲೂ ಹೇಳತ್ತೆ, ಬರೋವಾಗ್ಲೂ ಹೇಳತ್ತೆ. ಮನೇಲಿ ನನ್ನ ಯಂತ್ರ ಪಾದ್ರಿ ಥರ ಭಾಷಣ ಬಿಗಿಯತ್ತೆ. ಇಲ್ಲಿ ಒಂದಕ್ಷರ ಹೇಳ್ಲಿಲ್ಲ. ಹೇಳ್ಲಿಲ್ಲ ಅಂದ್ಮೇಲೆ ಎಲ್ಲ ಸರಿ ಇದೆ ಅಂದ್ಕೊಂಡೆ."

"ನಾನು ನಿಲ್ಸಿದ್ದೆ," ಎಂದಳು ಸುನ್ನಿವಾ.

"ಏನು?"

"ಸುಳಿವು. ಎಚ್ಚರಿಕೆನೂ. ನವೆಂಬರಿನಲ್ಲಿ."

ಎಸ್ಕಿಲ್ ಅವಳನ್ನು ನೋಡಿದ. ಪರದೆಯ ಮೇಲೆ ಬೆಟ್ಟ ಹಸಿರಾಗಿಯೇ ಇತ್ತು. ಆ ಹಸಿರಿಗೆ ಯಾವ ಅರ್ಥವೂ ಇಲ್ಲವೆಂದು ಈಗ ಇಬ್ಬರಿಗೂ ಗೊತ್ತಿತ್ತು.

ಅವಳು ಮಗುಚಿಟ್ಟಿದ್ದ ಫೋನನ್ನು ತಿರುಗಿಸಿದಳು. ಓಸ್ತಾದು ಎರಡು ಮೆಸೇಜು ಬಂದಿತ್ತು.

'ಬಸ್ ನಿಲ್ದಾಣದಲ್ಲಿದ್ದೀನಿ. ಈ ಗಾಳಿ ನನಗೆ ಸರಿ ಕಾಣ್ತಿಲ್ಲ. ಹೋಗ್ಲಾ?'

ಸ್ವಲ್ಪ ಹೊತ್ತಿನ ನಂತರದ್ದು, ಈಗತಾನೆ ಬಂದದ್ದು: 'ನಿನ್ನ ಉತ್ತರ ಇಲ್ಲ. ದೀಪನೂ ಹತ್ತಿಲ್ಲ. ಹಾಗಾದ್ರೆ ಸರಿ ತಾನೆ. ಹೊರಟೆ. ಟೊಪ್ಪಿ ಹಾಕ್ಕೋ.'

ಅವಳು ಫೋನ್ ಮಾಡಿದಳು. ರಿಂಗಾಗುತ್ತಲೇ ಹೋಯಿತು. ಗಾಡಿ ಓಡಿಸುವಾಗ ಓಸ್ತಾ ಫೋನು ಮುಟ್ಟುವವರಲ್ಲ. ಬಸ್ ನಿಲ್ದಾಣದಿಂದ ಗೇಟಿಗೆ ಹೆಚ್ಚು ದೂರವಿಲ್ಲ. ಗೇಟು ದಾಟಿದರೆ ಮೇಲೆಲ್ಲ ಕ್ವಿತುರಾ.

ಆಫೀಸಿನಿಂದ ಗೇಟು ಇಳಿಸುವ ಅಧಿಕಾರ ಅವರಿಗಿರಲಿಲ್ಲ. ರೇಡಾರು ಇಳಿಸಬೇಕು, ಇಲ್ಲವೇ ತೋರ್ಕೆಲ್ ಕೀಲಿ ಹಾಕಿ ಕೈಯಿಂದ ಇಳಿಸಬೇಕು.

"ತೋರ್ಕೆಲ್, ಗೇಟು ಹಾಕು. ಈಗಲೇ."

"ಮಲಗಿದೆ ಅಂದ್ರಲ್ಲ ಮಗು?"

"ನಮಗೇನೂ ಕಾಣ್ತಿಲ್ಲ. ಒದ್ದೆ ಹಿಮ ಅಕ್ಟೋಬರಿಂದ ಕಾಣ್ತಿಲ್ಲ. ಹಾಕು."

ಅವನು ಇನ್ನು ತಮಾಷೆ ಮಾಡಲಿಲ್ಲ. ಗಾಡಿಯ ಬಾಗಿಲು ಬಡಿದದ್ದು ಕೇಳಿಸಿತು. ಅವನು ಹಾಕಬಹುದಾದದ್ದು ಆಚೆ ತುದಿಯ ಗೇಟು. ಈಚೆಯದನ್ನು ಹಾಕಲು ಅವನು ಇಡೀ ಬೆಟ್ಟದ ಕೆಳಗೆ ಹಾದು ಬರಬೇಕು.

ಎಸ್ಕಿಲ್‌ನ ಬೆರಳುಗಳು ಆಗಲೇ ಓಡುತ್ತಿದ್ದವು. ಯಾವ ಕೊಂಬೆಗೂ ಸೇರದೆ ಬಿಟ್ಟದ್ದನ್ನು ಗಿಟ್ ತಕ್ಷಣ ಎಸೆಯುವುದಿಲ್ಲ. ತಾನು ಎಲ್ಲೆಲ್ಲಿ ನಿಂತು ಬಂದೆ ಎಂಬುದನ್ನು ಅದು ಕೆಲವು ಕಾಲ ನೆನಪಿಟ್ಟುಕೊಂಡಿರುತ್ತದೆ, ಕೇಳಿದರೆ ಹೇಳುತ್ತದೆ. ಅವರು ಕೇಳಿದರು. ಹಿಂದೆ ಹಿಂದೆ ಹೋದ ಹೆಜ್ಜೆಗಳ ನಡುವೆ ಅದು ಕಾಣಿಸಿತು: ಅಜ್ಜಿಗೆ ಕನ್ನಡಕ. ಬಿಟ್ಟು ಬಂದ ಜಾಗದಲ್ಲೇ, ಬಿಟ್ಟು ಬಂದ ಹಾಗೇ ಇತ್ತು.

"ಹೆಸರು ಕೊಡು," ಎಂದ ಎಸ್ಕಿಲ್. "ಏನಾದ್ರೂ."

ಸುನ್ನಿವಾ ಬಾಯಿಗೆ ಮೊದಲು ಬಂದ ಹೆಸರನ್ನೇ ಟೈಪ್ ಮಾಡಿದಳು. ಸಿಂದ್ರೆ. ಎಸ್ಕಿಲ್ ಅದನ್ನು ಕೊಂಬೆಗೆ ಸೇರಿಸಿ ರಸ್ತೆಗೆ ಕಳಿಸಿದ.

ಹೊಸ ಪ್ರೋಗ್ರಾಂ ತುಂಬಿಕೊಳ್ಳುವಾಗ ಎದುರು ದಡದ ರೇಡಾರು ಕಣ್ಣು ಮುಚ್ಚಿ ತೆರೆಯಲು ಒಂದಿಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಪರದೆ ಬರಿದಾಗಿತ್ತು. ಸೂರಿನಿಂದ ಮತ್ತೊಂದು ತುಂಡು ಹಿಮ ಬಿತ್ತು. ಸುನ್ನಿವಾ ಫೋನಿನ ಸದ್ದನ್ನು ಮೇಲಕ್ಕೆ, ಇನ್ನು ಏರದಷ್ಟು ಮೇಲಕ್ಕೆ, ಏರಿಸಿ ಮೇಜಿನ ಮೇಲಿಟ್ಟಳು.

ಪರದೆ ಬಂತು. ಒಂದು ಚುಕ್ಕೆಯಲ್ಲ, ಎರಡಲ್ಲ. ತುದಿಯಿಂದ ನಡುವಿನವರೆಗೆ ಕ್ವಿತುರಾ ಪೂರ್ತಿ ಕೆಂಪಾಗಿತ್ತು. ಎಲ್ಲೋ ಒಂದು ಮೂಲೆ ಜಾರತೊಡಗಿದ್ದಲ್ಲ; ಬೆಟ್ಟದ ಮೈಯೇ ಜಾರುತ್ತಿತ್ತು, ಯಾವಾಗಿನಿಂದಲೋ, ಅವಸರವಿಲ್ಲದೆ. ಅವರು ಊಟ ಮಾಡುವಾಗಲೂ ಜಾರುತ್ತಿದ್ದಿರಬೇಕು.

ಗೇಟು ಬಿದ್ದಿದೆ ಎಂದು ಪರದೆ ತೋರಿಸಿತು, ಎರಡೂ ಕಡೆ.

ಫೋನು ಹೊಡೆದುಕೊಂಡಿತು. ಆ ಸದ್ದಿಗೆ ಎಸ್ಕಿಲ್ ಬೆಚ್ಚಿಬಿದ್ದ.

"ಸುನ್ನಿವಾ," ಎಂದರು ಓಸ್ತಾ. "ಗೇಟು ಬಿತ್ತು ಕಂದ, ನನ್ನ ಮೂಗಿನ ಮುಂದೆ. ನೀನು ಹೇಳಿದ ಹಾಗೇ ಕೆಲಸ ಮಾಡ್ತು ನೋಡು ನಿಮ್ಮ ಯಂತ್ರ."

ಸುನ್ನಿವಾ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು.

"ಕೇಳ್ತಿದೀಯಾ? ವೈಪರಿಗೆ ಹಿಮ ಸಿಕ್ಕೊಂಡಿತ್ತು, ಇಳಿದು ಕೆರೀತಾ ಇದ್ದೆ. ಇಲ್ಲದಿದ್ರೆ ಒಳಗಿರ್ತಿದ್ದೆ."

"ಹಿಂದಕ್ಕೆ ಹೋಗಿ, ಓಸ್ತಾ. ಗೇಟಿನ ಹತ್ರ ನಿಲ್ಲಬೇಡಿ. ನಿಲ್ದಾಣಕ್ಕಿಂತ ಹಿಂದಕ್ಕೆ ಹೋಗಿ."

"ಹೋಗ್ತೀನಿ, ಹೋಗ್ತೀನಿ. ನಾನು ಕೆರೀತಿದ್ದಾಗ ಒಂದು ಬಿಳಿ ಕಾರು ನನ್ನ ದಾಟ್ಕೊಂಡು ಹೋಯ್ತು. ಕೈ ಬೀಸಿದ್ರು ಪಾಪ. ಅವರು ಆಚೆ ಸೇರಿರ್ತಾರೆ, ಅಲ್ವಾ?"

ಸುನ್ನಿವಾ ಪರದೆ ನೋಡಿದಳು. ಕೆಂಪು ನಡುವಿನಿಂದ ಕೆಳಕ್ಕೆ ಇಳಿದ ಹಾಗೆ ಕಂಡಿತು. ಆಮೇಲೆ ಫೋನಿನಲ್ಲಿ ಓಸ್ತಾರ ಉಸಿರಿನ ಹಿಂದೆ ಏನೋ ಕೇಳಿಸಿತು. ಗುಡುಗಲ್ಲ. ತುಂಬ ದೊಡ್ಡ ಬಾಗಿಲನ್ನು ಯಾರೋ ನೆಲದ ಮೇಲೆ ಎಳೆಯುತ್ತಿರುವ ಹಾಗೆ. ಅದು ನಿಲ್ಲಲಿಲ್ಲ. ಇಲ್ಲಿ ಬಂದರಿನಲ್ಲಿ ಕಿಟಕಿಯ ಗಾಜು ಸಣ್ಣಗೆ ನಡುಗಿತು. ಎಸ್ಕಿಲ್ ಇಟ್ಟ ಲೋಟದಲ್ಲಿ ಕಾಫಿ ನಡುಗಿತು.

"ಓಸ್ತಾ?"

"ಇದ್ದೀನಿ," ಎಂದರು ಅವರು. ಧ್ವನಿ ಬೇರೆಯಾಗಿತ್ತು. "ನಾನಿದ್ದೀನಿ."

ಎಸ್ಕಿಲ್‌ನ ಫೋನಿನಲ್ಲಿ ತೋರ್ಕೆಲ್ ಬಂದ. ಎಸ್ಕಿಲ್ ಅದನ್ನು ಇಬ್ಬರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟ.

"ರಸ್ತೆ ಇಲ್ಲ," ಎಂದ ತೋರ್ಕೆಲ್. "ನೀರಿನವರೆಗೂ ಹೋಗಿದೆ. ನಾನು ಹಾಲಿನ ಕಟ್ಟೆ ಹತ್ರಾನೇ ನಿಂತಿದ್ದೆ, ಗೇಟು ತಾನಾಗೇ ಬಿತ್ತು." ಅವನು ಉಸಿರು ತೆಗೆದುಕೊಂಡ. "ಈ ಕಡೆಯಿಂದ ಯಾರೂ ಹೊರಗೆ ಬಂದಿಲ್ಲ. ಒಳಗೆ ಯಾರೂ ಇರ್ಲಿಲ್ಲ ತಾನೆ?"

ಎಸ್ಕಿಲ್ ಸುನ್ನಿವಾಳ ಮುಖ ನೋಡಿದ. ಅವಳ ಕೈಯಲ್ಲಿ ಓಸ್ತಾ ಇನ್ನೂ ಏನೋ ಹೇಳುತ್ತಿದ್ದರು, ಕಾರಿನಲ್ಲಿದ್ದವರು ಹೆಂಗಸೋ ಗಂಡಸೋ ತನಗೆ ಸರಿಯಾಗಿ ಕಾಣಲಿಲ್ಲ ಎಂದು. ಅವರೂ ನಿಲ್ದಾಣದಲ್ಲಿ ಒಂದು ಗಳಿಗೆ ನಿಂತು ಫೋನು ನೋಡಿ ಹೊರಟರು ಎಂದು.

ಎಲ್ಲೋ ಒಂದು ಮನೆಯಲ್ಲಿ, ಅಡುಗೆಮನೆಯ ಕಟ್ಟೆಯ ಮೇಲೋ ಅಂಗಿಯ ಜೇಬಿನಲ್ಲೋ, ಅವರ 'ಹೊರಟೆ' ಬಂದು ಬಿದ್ದಿತ್ತು.

"ಇದ್ರು," ಎಂದಳು ಸುನ್ನಿವಾ ತೋರ್ಕೆಲ್‌ಗೆ. "ಒಂದು ಬಿಳಿ ಕಾರು. ಒಂದನ್ನ ಹಿಂದೆ ಬಿಟ್ಟಿದ್ದೀವಿ."